ಕರುಳಿನಲ್ಲಿ ನೆಲೆ ಹಿಡಿಯುವ ರೋಗಾಣುಗಳು ಮತ್ತು ಅವು ಹೊರಹಾಕುವ ಪ್ರೋಟೀನುಗಳು

ಕಲುಷಿತ ನೀರಿನ ಜೊತೆ ಹೊಟ್ಟೆ ಸೇರುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಅಲ್ಲಿ ಉಳಿಯುವುದಿಲ್ಲ. ಜಠರದ ಆಮ್ಲವೇ ಹೆಚ್ಚಿನವನ್ನು ಕೊಂದುಬಿಡುತ್ತದೆ. ಅದನ್ನು ದಾಟಿದವು ಪಿತ್ತರಸವನ್ನು ತಾಳಿಕೊಳ್ಳಬೇಕು. ಆಮೇಲೆ ಸಣ್ಣಕರುಳಿನ ಒಳಗೋಡೆಯ ಮೇಲಿರುವ ಲೋಳೆ ಅವುಗಳನ್ನು ಅಂಟಿಸಿಕೊಂಡು, ಕರುಳಿನ ಅಲೆಯಲೆಯ ಹಿಂಡುವಿಕೆಯೊಂದಿಗೆ ಕೆಳಕ್ಕೆ ಸಾಗಿಸುತ್ತಲೇ ಇರುತ್ತದೆ. ಆ ಲೋಳೆಯಲ್ಲಿ ರೋಗಾಣುಗಳನ್ನು ಗಂಟುಕಟ್ಟಿ ಹಾಕುವ ಐಜಿಎ ಪ್ರತಿಕಾಯಗಳೂ ಅವುಗಳ ಪೊರೆಯನ್ನು ತೂತು ಮಾಡುವ ಚಿಕ್ಕ ಪ್ರೋಟೀನುಗಳೂ ಇವೆ. ದೊಡ್ಡಕರುಳಿಗೆ ಬಂದರೆ ಅಲ್ಲಿ ಹುಟ್ಟಿದಾರಭ್ಯ ಮನೆ ಮಾಡಿಕೊಂಡಿರುವ ಲಕ್ಷಕೋಟಿಗಟ್ಟಲೆ ನಿರಪಾಯಕಾರಿ ಬ್ಯಾಕ್ಟೀರಿಯಾಗಳು ಹೊಸಬರಿಗೆ ಅನ್ನವನ್ನೂ ಬಿಡುವುದಿಲ್ಲ, ಜಾಗವನ್ನೂ ಬಿಡುವುದಿಲ್ಲ. ಇಷ್ಟೆಲ್ಲ ಕಾವಲಿನ ನಡುವೆ ಒಂದು ರೋಗಾಣು ಕಾಲೂರಬೇಕಾದರೆ ತನ್ನ ಮೈಯೊಳಗೆ ತಯಾರಾದ ಪ್ರೋಟೀನುಗಳನ್ನು ಹೊರಗೆ ಕಳಿಸಿ, ಸುತ್ತಲಿನ ಸ್ಥಿತಿಯನ್ನೇ ತನಗೆ ಬೇಕಾದಂತೆ ಬದಲಿಸಿಕೊಳ್ಳಬೇಕು. ಕಾಲರಾ, ವಿಷಮಶೀತ ಜ್ವರ, ರಕ್ತಭೇದಿ, ಎಳೆಮಕ್ಕಳ ನೀರುಭೇದಿ ಎಲ್ಲವುಗಳ ಬುಡದಲ್ಲಿಯೂ ಈ ಕೆಲಸವಿದೆ.

ಹೊರಗೆ ಕಳಿಸುವುದು ಹೇಳಿದಷ್ಟು ಸುಲಭವಲ್ಲ. ಕರುಳಿನ ಪ್ರಮುಖ ರೋಗಾಣುಗಳಲ್ಲಿ ಹೆಚ್ಚಿನವು ಗ್ರಾಮ್-ನೆಗೆಟಿವ್ ಗುಂಪಿನವು. ಅವುಗಳ ಮೈಗೆ ಒಂದರ ಹೊರಗೊಂದು ಎರಡು ಪೊರೆಗಳಿರುತ್ತವೆ. ಪ್ರೋಟೀನು ಎಂಬುದು ಸಾವಿರಾರು ಪರಮಾಣುಗಳ ಮುದ್ದೆ. ಕೊಬ್ಬಿನ ಎರಡು ಪೊರೆಗಳನ್ನು ಅದು ತಾನಾಗಿ ದಾಟಲಾರದು. ಆದ್ದರಿಂದ ಬ್ಯಾಕ್ಟೀರಿಯಾಗಳು ಪೊರೆಗಳಲ್ಲಿ ವಿಶೇಷ ದ್ವಾರಗಳನ್ನು ಕಟ್ಟಿಕೊಂಡಿವೆ. ವಿಜ್ಞಾನಿಗಳು ಇವನ್ನು ಸ್ರವಿಕೆ ವ್ಯವಸ್ಥೆಗಳೆಂದು ಕರೆದು, ಕಂಡುಕೊಂಡ ಕ್ರಮದಲ್ಲಿ ಟೈಪ್ 1, ಟೈಪ್ 2 ಎಂದು ಸಂಖ್ಯೆ ಕೊಡುತ್ತ ಬಂದಿದ್ದಾರೆ. ಕೆಲವು ದ್ವಾರಗಳು ಪ್ರೋಟೀನನ್ನು ಸುತ್ತಲಿನ ದ್ರವಕ್ಕೆ ಬಿಟ್ಟು ಸುಮ್ಮನಾಗುತ್ತವೆ. ಇನ್ನು ಕೆಲವು ಎದುರಿಗಿರುವ ಜೀವಕೋಶದೊಳಕ್ಕೇ ನೇರವಾಗಿ ಚುಚ್ಚುತ್ತವೆ. ಸಂಖ್ಯೆಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಈ ವ್ಯತ್ಯಾಸವನ್ನು ಹಿಡಿದುಕೊಂಡರೆ ಮುಂದಿನದೆಲ್ಲ ತಿಳಿಯಾಗುತ್ತದೆ.

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ, ಇದು ಪುಸ್ತಕದ ವಿಷಯ ಮಾತ್ರವಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಈ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರಿದರೂ ವರ್ಷದ ಬಹುಕಾಲ ಹೊಳೆಯಲ್ಲಿ ಮರಳೇ ಹೆಚ್ಚು. ಪುರವರ ಹೋಬಳಿಯಂಥ ಕಡೆ ಊರಿನ ಬದುಕು ಬೋರ್‌ವೆಲ್ ಮೇಲೆ ನಿಂತಿದೆ. ಬೋರಿನ ನೀರು ಓವರ್‌ಹೆಡ್ ಟ್ಯಾಂಕಿಗೆ ಏರಿ, ಅಲ್ಲಿಂದ ಪೈಪಿನಲ್ಲಿ ಇಳಿದು, ನೀರುಗಂಟಿ ವಾಲ್ವ್ ತಿರುಗಿಸಿದ ಹೊತ್ತಿಗೆ ನಲ್ಲಿಗೆ ಬರುತ್ತದೆ. ಪೈಪು ಒಡೆದ ಕಡೆ, ಚರಂಡಿಯ ಪಕ್ಕ ಹಾದ ಕಡೆ, ನೀರು ಬಿಡುವ ಹೊತ್ತು ಮುಗಿದು ಪೈಪಿನೊಳಗೆ ಒತ್ತಡವಿಲ್ಲದಾಗ ಹೊರಗಿನ ಕೊಳೆ ಒಳಕ್ಕೆ ಸೇರಿಕೊಳ್ಳುತ್ತದೆ. 2024ರ ಜೂನ್ ತಿಂಗಳಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ದಿನಗಳಲ್ಲೇ ವಾಂತಿಭೇದಿ ಹಬ್ಬಿ, ಹತ್ತಾರು ಮಂದಿ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಕುಡಿಯುವ ನೀರಿನ ಮೇಲೆ ಶಂಕೆ ಮೂಡಿತು. ಅದಕ್ಕೂ ಹಿಂದಿನ ವರ್ಷ, 2023ರ ಆಗಸ್ಟ್‌ನಲ್ಲಿ, ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಇಂಥದೇ ದುರಂತ ನಡೆದಿತ್ತು. ಸತ್ತವರು ಬಿಟ್ಟುಹೋದ ಮನೆಗಳ ನಷ್ಟವನ್ನು ಯಾವ ಜೀವಶಾಸ್ತ್ರವೂ ತುಂಬಿಕೊಡಲಾರದು. ಆದರೆ ಒಂದೇ ಟ್ಯಾಂಕಿನ ನೀರು ಕುಡಿದವರಲ್ಲಿ ಕೆಲವರಿಗೆ ಏನೂ ಆಗದೆ ಕೆಲವರು ಒಂದೇ ದಿನದಲ್ಲಿ ನೆಲ ಕಚ್ಚುವುದೇಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಆ ಅದೃಶ್ಯ ಪ್ರೋಟೀನುಗಳಲ್ಲಿದೆ.

ಕರುಳಿನ ರೋಗಾಣುಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದವುಗಳಲ್ಲಿ ಒಂದು ಕಾಲರಾ ರೋಗಾಣು, ವಿಬ್ರಿಯೊ ಕಾಲರೆ. ಇಟಲಿಯ ಫಿಲಿಪ್ಪೊ ಪಚೀನಿ 1854ರಲ್ಲಿ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದ. ರಾಬರ್ಟ್ ಕೋಖ್ 1884ರಲ್ಲಿ ಕಲ್ಕತ್ತೆಯಲ್ಲಿ ಅದನ್ನೇ ಬೇರ್ಪಡಿಸಿ ಬೆಳೆಸಿದ. ರೋಗಾಣುವಿನ ಯಾವುದೋ ವಿಷದಿಂದ ರೋಗಿ ಸಾಯುತ್ತಾನೆಂದು ಕೋಖ್ ಊಹಿಸಿದ್ದರೂ ಆ ವಿಷ ಮುಂದಿನ 75 ವರ್ಷ ಯಾರ ಕೈಗೂ ಸಿಗಲಿಲ್ಲ. ಸಿಕ್ಕಿದ್ದು ಮತ್ತೆ ಕಲ್ಕತ್ತೆಯಲ್ಲೇ, ಶಂಭುನಾಥ ಡೇ ಎಂಬ ರೋಗಶಾಸ್ತ್ರಜ್ಞರಿಗೆ. ಮೊಲದ ಸಣ್ಣಕರುಳಿನ ಒಂದು ಭಾಗವನ್ನು ಎರಡೂ ತುದಿಯಲ್ಲಿ ದಾರದಿಂದ ಬಿಗಿದು, ನಡುವೆ ಕಾಲರಾ ಬ್ಯಾಕ್ಟೀರಿಯಾ ಬೆಳೆದಿದ್ದ ದ್ರವವನ್ನು ಚುಚ್ಚಿ, ಮಾರನೆಯ ದಿನ ತೆಗೆದು ನೋಡುವುದು ಅವರ ವಿಧಾನ. ಕಟ್ಟಿದ ತುಂಡು ನೀರು ತುಂಬಿದ ಬಲೂನಿನಂತೆ ಊದಿಕೊಂಡಿರುತ್ತಿತ್ತು. 1959ರಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದ್ರವವನ್ನು ಸೋಸಿ, ಒಂದೇ ಒಂದು ಬ್ಯಾಕ್ಟೀರಿಯಾ ಇಲ್ಲದಂತೆ ಮಾಡಿ ಚುಚ್ಚಿದರು. ಆಗಲೂ ಕರುಳು ಊದಿತು. ಅಂದರೆ ಬ್ಯಾಕ್ಟೀರಿಯಾ ತಾನು ಬಿಟ್ಟ ಪ್ರೋಟೀನಿನಿಂದಲೇ, ತನ್ನ ಮೈ ಅಲ್ಲಿ ಇಲ್ಲದೆಯೂ, ಕಾಲರಾ ತರಬಲ್ಲದು. ನೇಚರ್ ಪತ್ರಿಕೆಯಲ್ಲಿ ಬಂದ ಆ ಚಿಕ್ಕ ಲೇಖನ ಸ್ರವಿಕೆಯ ಅಧ್ಯಯನದ ಒಂದು ತಳಹದಿ. ದಾರ, ಸೂಜಿ, ಮೊಲ, ಸೋಸುವ ಸಾಧನ ಇಷ್ಟರಲ್ಲೇ ಇಂಥ ಕೆಲಸ ಮಾಡಿದ ಈ ಮನುಷ್ಯನ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಕೋಖ್‌ನ ಹೆಸರಿನ ಪಕ್ಕದಲ್ಲೇ ಇರಬೇಕಾದದ್ದು.

ಆ ಪ್ರೋಟೀನಿನ ರಚನೆ ಈಗ ಚೆನ್ನಾಗಿ ಗೊತ್ತು. ಅದರಲ್ಲಿ ಒಂದು 'ಎ' ತುಣುಕು, ಅದನ್ನು ಹೊತ್ತ ಐದು 'ಬಿ' ತುಣುಕುಗಳು. ಒಳಪೊರೆಯನ್ನು ಈ ತುಣುಕುಗಳು ಒಂದೊಂದಾಗಿ ದಾಟಿ, ಎರಡು ಪೊರೆಗಳ ನಡುವಿನ ಜಾಗದಲ್ಲಿ ಒಂದುಗೂಡಿ ಮಡಿಚಿಕೊಳ್ಳುತ್ತವೆ. ಆಮೇಲೆ ಟೈಪ್ 2 ವ್ಯವಸ್ಥೆ ಅದನ್ನು ಪಂಪಿನ ಪಿಸ್ಟನ್ ತಳ್ಳಿದ ಹಾಗೆ ಹೊರಪೊರೆಯ ದ್ವಾರದಿಂದ ಆಚೆ ನೂಕುತ್ತದೆ. ಹೊರಬಿದ್ದ ಮೇಲೆ 'ಬಿ' ತುಣುಕುಗಳು ಕರುಳಿನ ಕೋಶದ ಮೇಲಿರುವ ಜಿಎಂ1 ಎಂಬ ಕೊಬ್ಬಿನಂಶವನ್ನು ಹಿಡಿಯುತ್ತವೆ. 'ಎ' ತುಣುಕು ಒಳಗೆ ಹೋಗಿ, ಕೋಶದ ಒಂದು ಸ್ವಿಚ್ಚನ್ನು ಮತ್ತೆ ಆರಿಸಲಾಗದ ಹಾಗೆ ಹಾಕಿಬಿಡುತ್ತದೆ. ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶದ ಅಣು ಏರುತ್ತದೆ, ಕ್ಲೋರೈಡ್ ಹೊರಕ್ಕೆ ಹರಿಯುತ್ತದೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಅಕ್ಕಚ್ಚಿನಂತಹ ಭೇದಿ, ವಿಪರೀತವಾದಾಗ ಗಂಟೆಗೆ ಒಂದು ಲೀಟರ್‌ನಷ್ಟು, ಹೀಗೆ ಶುರುವಾಗುತ್ತದೆ. ರೋಗಾಣುವಿಗೆ ಇದರಿಂದ ಲಾಭವುಂಟು. ಕರುಳಿನಲ್ಲಿ ಹೆಚ್ಚಿದ ಅದರ ಸಂತತಿ ಕೋಟಿಗಟ್ಟಲೆಯಲ್ಲಿ ಹೊರಗೆ ಬಂದು ಮುಂದಿನ ಬಾವಿಯನ್ನೋ ಟ್ಯಾಂಕನ್ನೋ ತಲುಪುತ್ತದೆ.

ಆದರೆ ವಿಷಕ್ಕೂ ಮೊದಲು ಅಂಟಿಕೊಳ್ಳುವುದಾಗಬೇಕು. ಟೈಪ್ 2 ದ್ವಾರದಿಂದಲೇ ಹೊರಬರುವ ಹ್ಯಾಪ್‌ಎ ಎಂಬ ಕಿಣ್ವ ಲೋಳೆಯನ್ನು ಕತ್ತರಿಸಿ ದಾರಿ ಮಾಡಿಕೊಡುತ್ತದೆ. ಜಿಬಿಪಿಎ ಎಂಬ ಇನ್ನೊಂದು ಪ್ರೋಟೀನಿನ ಕಥೆ ಸ್ವಾರಸ್ಯದ್ದು. ಅದು ಹಿಡಿಯುವುದು ಎನ್-ಅಸಿಟೈಲ್ ಗ್ಲೂಕೊಸಮೈನ್ ಎಂಬ ಸಕ್ಕರೆಯನ್ನು. ಈ ಸಕ್ಕರೆ ಎರಡು ಕಡೆ ಸಿಗುತ್ತದೆ: ಕರುಳಿನ ಲೋಳೆಯಲ್ಲಿ ಮತ್ತು ನೀರಿನ ಸಣ್ಣ ಚಿಪ್ಪುಜೀವಿಗಳ ಕೈಟಿನ್ ಹೊದಿಕೆಯಲ್ಲಿ. ಕಾಲರಾ ಬ್ಯಾಕ್ಟೀರಿಯಾ ನೀರಿನಲ್ಲಿ ಚಿಪ್ಪುಜೀವಿಗಳ ಮೈಗೆ ಅಂಟಿ ಬದುಕುವುದಕ್ಕೆ ಬಳಸುವ ಅದೇ ಕೊಕ್ಕೆಯನ್ನು ಮನುಷ್ಯನ ಕರುಳಲ್ಲೂ ಬಳಸುತ್ತದೆ. ಬಾಂಗ್ಲಾದೇಶದಲ್ಲಿ ರೀಟಾ ಕಾಲ್‌ವೆಲ್ ಮತ್ತು ಸಂಗಡಿಗರು ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದರೆ ಕಾಲರಾ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆಂದು 2003ರಲ್ಲಿ ತೋರಿಸಿದರು. ಬಟ್ಟೆಯ ಕಣ್ಣು ಬ್ಯಾಕ್ಟೀರಿಯಾವನ್ನು ತಡೆಯುವಷ್ಟು ಸಣ್ಣದಲ್ಲ, ಆದರೆ ಅದು ಅಂಟಿಕೊಂಡಿರುವ ಚಿಪ್ಪುಜೀವಿಯನ್ನು ತಡೆಯುತ್ತದೆ. ಬಾವಿಯಿಂದ ಸೇದಿದ ನೀರನ್ನು ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸುತ್ತಿದ್ದ ಅಜ್ಜಿಯರ ಪದ್ಧತಿಗೆ ಹೀಗೊಂದು ಆಧಾರ ಸಿಕ್ಕಿತು. ಪೈಪಿನಲ್ಲಿ ಬರುವ ಕೊಳೆನೀರಿಗೆ ಮಾತ್ರ ಅದನ್ನೇ ನಂಬಿ ಕೂರುವಂತಿಲ್ಲ.

ಕರುಳಿನಲ್ಲಿ ಈ ಬ್ಯಾಕ್ಟೀರಿಯಾಗಳನ್ನು ಒಂದಕ್ಕೊಂದು ಹೆಣೆದು ಗುಂಪು ಕಟ್ಟಿಸುವುದು ಟಿಸಿಪಿ ಎಂಬ ಎಳೆ. ಅದೇ ಎಳೆಯ ಯಂತ್ರದಿಂದ ಹೊರಬೀಳುವ ಟಿಸಿಪಿಎಫ್ ಎಂಬ ಪ್ರೋಟೀನು ಇಲ್ಲದಿದ್ದರೆ ಮರಿಇಲಿಗಳ ಕರುಳಿನಲ್ಲಿ ರೋಗಾಣು ನಿಲ್ಲಲಾರದು. ಕಾಲರಾ ವಿಷದ ಜೀನ್ ಈ ಬ್ಯಾಕ್ಟೀರಿಯಾದ ಸ್ವಂತದ್ದಲ್ಲ ಎಂಬುದನ್ನು ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೊಸ್ 1996ರಲ್ಲಿ ತೋರಿಸಿದರು. ಅದನ್ನು ತಂದುಕೊಟ್ಟದ್ದು ಬ್ಯಾಕ್ಟೀರಿಯಾಗಳನ್ನು ಕಾಡುವ ಒಂದು ವೈರಸ್, ಅದು ಒಳಗೆ ಬರಲು ಹಿಡಿಯುವುದು ಟಿಸಿಪಿ ಎಳೆಯನ್ನು, ಹೊರಗೆ ಹೋಗುವುದು ಟೈಪ್ 2 ವ್ಯವಸ್ಥೆಯ ಹೊರಪೊರೆಯ ದ್ವಾರದಿಂದ. ಅಂಟಿಕೊಳ್ಳುವ ಎಳೆಯೂ ಸ್ರವಿಸುವ ಬಾಗಿಲೂ ಮೊದಲು ಇದ್ದದ್ದರಿಂದಲೇ ಒಂದು ಸಾಧಾರಣ ನೀರುಜೀವಿ ಮಹಾಮಾರಿಯಾಯಿತು.

ಎಳೆಮಕ್ಕಳಿಗೆ ಭೇದಿ ತರುವ ಇ. ಕೋಲಿಯ ಒಂದು ತಳಿ ಬೇರೆಯದೇ ದಾರಿ ಹಿಡಿದಿದೆ. ಇದರ ಬಳಿ ಇರುವುದು ಟೈಪ್ 3 ವ್ಯವಸ್ಥೆ. ಇದು ಅಕ್ಷರಶಃ ಇಂಜೆಕ್ಷನ್ ಸೂಜಿ. ಇಪ್ಪತ್ತಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳಿಂದ ಕಟ್ಟಿದ ಈ ಯಂತ್ರದ ಬುಡ ಎರಡೂ ಪೊರೆಗಳಲ್ಲಿ ನಾಟಿಕೊಂಡಿರುತ್ತದೆ, ತುದಿ ಎದುರಿನ ಕೋಶದ ಕಡೆಗೆ ಚಾಚಿರುತ್ತದೆ. ಸೂಜಿಯ ಒಳಗಂಡಿ ಎರಡು ಮೂರು ನ್ಯಾನೊಮೀಟರ್ ಮಾತ್ರ. ಮಡಿಚಿಕೊಂಡ ಪ್ರೋಟೀನು ಅದರಲ್ಲಿ ತೂರದು. ಆದ್ದರಿಂದ ಪ್ರೋಟೀನುಗಳನ್ನು ದಾರದಂತೆ ಬಿಚ್ಚಿ, ಎಳೆಯಾಗಿ ಪೋಣಿಸಿ ಆ ಕಡೆಗೆ ಕಳಿಸುತ್ತದೆ. ಬ್ಯಾಕ್ಟೀರಿಯಾ ಈಜಲು ಬಳಸುವ ಕಶಾಂಗದ ಬುಡಕ್ಕೂ ಈ ಸೂಜಿಯ ಬುಡಕ್ಕೂ ಎದ್ದುಕಾಣುವ ಹೋಲಿಕೆ ಇದೆ. ಎರಡೂ ಒಂದೇ ಮನೆತನದವು.

ಈ ತಳಿ ಸೂಜಿಯಿಂದ ಮೊದಲು ಕಳಿಸುವುದು ಟಿರ್ ಎಂಬ ಪ್ರೋಟೀನನ್ನು. ಕೆನಡಾದ ಬ್ರೆಟ್ ಫಿನ್ಲೆ ಅವರ ತಂಡ 1997ರಲ್ಲಿ ಟಿರ್‌ನ ಗುಟ್ಟು ಬಯಲು ಮಾಡಿದಾಗ ಈ ಕ್ಷೇತ್ರದಲ್ಲಿದ್ದವರು ಬೆರಗಾದರು. ಅಲ್ಲಿಯವರೆಗೆ, ರೋಗಾಣು ಅಂಟಿಕೊಳ್ಳುವ ಹಿಡಿಯನ್ನು ಕರುಳಿನ ಕೋಶವೇ ಒದಗಿಸುತ್ತದೆಂದು ನಂಬಲಾಗಿತ್ತು. ಟಿರ್ ಆ ಹಿಡಿ. ಅದನ್ನು ತಯಾರಿಸಿದ್ದು ಬ್ಯಾಕ್ಟೀರಿಯಾ. ಗೋಡೆಗೆ ತಾನೇ ಗೂಟ ಹೊಡೆದು ತಾನೇ ಅದಕ್ಕೆ ನೇತುಬೀಳುವ ಕೆಲಸ ಇದು. ಟಿರ್ ಕೋಶದ ಪೊರೆಯಲ್ಲಿ ಕೂದಲಪಿನ್ನಿನಂತೆ ಬಾಗಿ ನಿಲ್ಲುತ್ತದೆ. ಹೊರಚಾಚಿದ ಬಾಗು ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನಾದ ಇಂಟಿಮಿನ್‌ಗೆ ಕೂಡಿಕೊಳ್ಳುತ್ತದೆ. ಒಳಗಿನ ತುದಿಗಳಲ್ಲೊಂದಕ್ಕೆ ಕೋಶದ ಕಿಣ್ವಗಳು ಫಾಸ್ಫೇಟ್ ಸೇರಿಸುತ್ತಿದ್ದಂತೆ ಕೋಶದ ಹಂದರವಾದ ಆಕ್ಟಿನ್ ಎಳೆಗಳು ಅಲ್ಲಿ ಒಟ್ಟುಗೂಡಿ ಮೇಲಕ್ಕೆ ಬೆಳೆಯುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನುಣುಪಾದ ಕುಂಚದಂತೆ ಸಾಲಾಗಿ ನಿಂತಿರಬೇಕಾದ ಬೆರಳಿನಂಥ ಸೂಕ್ಷ್ಮ ಚಾಚುಗಳು ಅಳಿಸಿಹೋಗಿ, ಅವುಗಳ ಜಾಗದಲ್ಲಿ ಪುಟ್ಟ ಪುಟ್ಟ ಪೀಠಗಳೆದ್ದು, ಪೀಠಕ್ಕೊಂದರಂತೆ ಬ್ಯಾಕ್ಟೀರಿಯಾ ಕುಳಿತಿರುತ್ತದೆ. ನೀರನ್ನೂ ಆಹಾರವನ್ನೂ ಹೀರಬೇಕಾದ ಮೇಲ್ಮೈಯೇ ಅಳಿದಿರುವುದರಿಂದ ಮಗುವಿನ ಭೇದಿ ನಿಲ್ಲುವುದಿಲ್ಲ. ಪದೇಪದೇ ಇಂಥ ಸೋಂಕಿಗೆ ಸಿಕ್ಕ ಮಕ್ಕಳು ತಿಂದರೂ ಮೈಗೆ ಹತ್ತದೆ ಕೃಶವಾಗುತ್ತಾರೆ. ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಕೆಳಕ್ಕೆ ಜಾರುವ ಗೆರೆಯ ಹಿಂದೆ ಊಟದ ಕೊರತೆಯಷ್ಟೇ ಅಲ್ಲ, ಇದೂ ಇರುತ್ತದೆ. ಸೂಜಿ, ಟಿರ್, ಇಂಟಿಮಿನ್ ಎಲ್ಲದರ ಜೀನುಗಳೂ ಈ ತಳಿಯ ವರ್ಣತಂತುವಿನಲ್ಲಿ ಒಂದೇ ಕಡೆ, ಸುಮಾರು 35 ಸಾವಿರ ಅಕ್ಷರಗಳ ಒಂದು ತುಂಡಿನಲ್ಲಿ ಗುಂಪಾಗಿವೆ. ಅದರ ಸೋದರ ತಳಿ ಒ157 ಕೂಡ ಇದೇ ತುಂಡನ್ನು ಹೊತ್ತಿದೆ.

ವಿಷಮಶೀತ ಜ್ವರದ ರೋಗಾಣುವನ್ನೂ ಒಳಗೊಂಡ ಸಾಲ್ಮೊನೆಲ್ಲಾ ಗುಂಪಿನ ಬಳಿ ಇಂಥ ಸೂಜಿಗಳು ಎರಡು. ಮೊದಲನೆಯದು ಕರುಳಿನ ಗೋಡೆಯ ಬಳಿ ಕೆಲಸ ಮಾಡುತ್ತದೆ: ಅದರಿಂದ ಹೋದ ಪ್ರೋಟೀನುಗಳು ಕೋಶದ ಅಂಚನ್ನು ಕೆದಕಿ, ಕುದಿಯುವ ಹಾಲಿನ ಕೆನೆಯಂತೆ ಮೇಲಕ್ಕೆ ಉಬ್ಬಿಸಿ, ಬ್ಯಾಕ್ಟೀರಿಯಾವನ್ನು ಕೋಶವೇ ನುಂಗುವ ಹಾಗೆ ಮಾಡುತ್ತವೆ. ಎರಡನೆಯದು ಒಳಗೆ ಹೋದ ಮೇಲೆ, ನುಂಗಿದ ಚೀಲದ ಒಳಗಿನಿಂದ ಚುಚ್ಚುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಶಿಖಾ ಚಕ್ರವರ್ತಿ ಅವರ ತಂಡ ಈ ಚೀಲದೊಳಗಿನ ಬದುಕನ್ನು ದಶಕಗಳಿಂದ ಅಧ್ಯಯನ ಮಾಡುತ್ತಿದೆ. ಒಳಗಿನ ಬ್ಯಾಕ್ಟೀರಿಯಾ ಎರಡಾಗುತ್ತಿದ್ದಂತೆ ಚೀಲವೂ ಎರಡಾಗಿ, ಒಂದೊಂದು ಬ್ಯಾಕ್ಟೀರಿಯಾಗೂ ಒಂದೊಂದು ಚೀಲ ದಕ್ಕುತ್ತದೆ. ಅವುಗಳನ್ನು ಕರಗಿಸಬೇಕಾದ ಲೈಸೊಸೋಮುಗಳು ಚೀಲಗಳಿಗೆ ಸಾಲದಷ್ಟು ಕಡಿಮೆ ಬೀಳುತ್ತವೆ ಎಂದು ಆ ತಂಡ 2010ರಲ್ಲಿ ಪ್ರಕಟಿಸಿತು.

ಸಾಲ್ಮೊನೆಲ್ಲಾದ ಇನ್ನೊಂದು ಜಾಣ್ಮೆ ಮನುಷ್ಯನ ಪ್ರತಿರೋಧವನ್ನೇ ತನ್ನ ಅನುಕೂಲಕ್ಕೆ ತಿರುಗಿಸಿಕೊಳ್ಳುವುದು. ಅದು ಚುಚ್ಚುವ ಪ್ರೋಟೀನುಗಳಿಂದ ಕರುಳು ಉರಿಯೂತಕ್ಕೆ ಒಳಗಾಗುತ್ತದೆ. ಬಿಳಿರಕ್ತಕಣಗಳು ನುಗ್ಗಿ ಆಕ್ಸಿಜನ್ನಿನ ಉಗ್ರ ರೂಪಗಳನ್ನು ಚೆಲ್ಲುತ್ತವೆ. ಅದರಿಂದ ಕರುಳಿನಲ್ಲಿದ್ದ ಗಂಧಕದ ಸಂಯುಕ್ತವೊಂದು ಟೆಟ್ರಾಥಯೊನೇಟ್ ಆಗಿ ಮಾರ್ಪಡುತ್ತದೆ. ಆಕ್ಸಿಜನ್ ಇಲ್ಲದ ಆ ಜಾಗದಲ್ಲಿ ಸಾಲ್ಮೊನೆಲ್ಲಾ ಅದನ್ನೇ ಉಸಿರಾಟಕ್ಕೆ ಬಳಸಿ ಸೊಂಪಾಗಿ ಬೆಳೆಯುತ್ತದೆ, ಅಲ್ಲಿನ ಹಳೆಯ ವಾಸಿಗಳಲ್ಲಿ ಹೆಚ್ಚಿನವು ಹಾಗೆ ಮಾಡಲಾರದೆ ಹಿಂದೆ ಬೀಳುತ್ತವೆ. ಆಂಡ್ರಿಯಾಸ್ ಬಾಮ್ಲರ್ ಅವರ ತಂಡ 2010ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿತು. ವಿಷಮಶೀತ ಜ್ವರದ ಸಾಲ್ಮೊನೆಲ್ಲಾ ಟೈಫಿ ಮಾತ್ರ ಗಲಾಟೆ ಎಬ್ಬಿಸದೆ, ವಿಐ ಎಂಬ ಸಕ್ಕರೆಯ ಹೊದಿಕೆ ಹೊದ್ದು ಸದ್ದಿಲ್ಲದೆ ರಕ್ತಕ್ಕೆ ಇಳಿಯುತ್ತದೆ. ಜ್ವರ ಕಾಣಿಸಿಕೊಳ್ಳುವುದು ವಾರವೊಂದೆರಡು ಕಳೆದ ಮೇಲೆ.

ರಕ್ತಭೇದಿಯ ಶಿಗೆಲ್ಲಾ ಸೂಜಿಯ ಬಳಕೆಯಲ್ಲಿ ಸಾಲ್ಮೊನೆಲ್ಲಾದ ನೆಂಟ. ಆದರೆ ಅದು ಚೀಲವನ್ನು ಹರಿದು ಹೊರಬಂದು, ಮೈಯ ಒಂದು ತುದಿಯಲ್ಲಿ ಇಕ್ಸ್‌ಎ ಎಂಬ ಪ್ರೋಟೀನನ್ನು ಹೊರಚಾಚಿ, ಕೋಶದ ಆಕ್ಟಿನ್ನನ್ನೇ ಬಾಲವಾಗಿ ಬೆಳೆಸಿಕೊಂಡು, ಆ ಒತ್ತಿನಿಂದ ಪಕ್ಕದ ಕೋಶಕ್ಕೆ ನುಗ್ಗುತ್ತದೆ. ಇಕ್ಸ್‌ಎ ಹೊರಬರುವುದು ಟೈಪ್ 5 ದಾರಿಯಿಂದ. ಹತ್ತರಿಂದ ನೂರು ಬ್ಯಾಕ್ಟೀರಿಯಾ ಹೊಟ್ಟೆ ಸೇರಿದರೂ ಶಿಗೆಲ್ಲಾ ಕಾಯಿಲೆ ತರಬಲ್ಲದು. ಕಾಲರಾಕ್ಕೆ, ಜಠರದ ಆಮ್ಲ ಸರಿಯಾಗಿರುವ ವ್ಯಕ್ತಿಯಲ್ಲಿ, ಸುಮಾರು ಹತ್ತು ಕೋಟಿ ಬೇಕು. ಹೊಟ್ಟೆಯಲ್ಲಿ ಉಳಿದು ಹುಣ್ಣು ತರುವ ಹೆಲಿಕೊಬ್ಯಾಕ್ಟರ್ ಪೈಲೊರಿ ಟೈಪ್ 4 ಯಂತ್ರದಿಂದ ಕ್ಯಾಗ್‌ಎ ಪ್ರೋಟೀನನ್ನು ಚುಚ್ಚುತ್ತದೆ. ಆ ಬ್ಯಾಕ್ಟೀರಿಯಾವನ್ನು ಗುರುತಿಸಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ಬಂತು.

ಇಷ್ಟು ಹೊತ್ತು ಹೇಳಿದ್ದು ಮನುಷ್ಯನ ಕೋಶಗಳ ಮೇಲಿನ ದಾಳಿ. ಆದರೆ ಹಳೆಯ ವಾಸಿಗಳಾದ ಬ್ಯಾಕ್ಟೀರಿಯಾಗಳನ್ನು ತೆರವು ಮಾಡದೆ ಜಾಗ ಸಿಗುವುದಿಲ್ಲ. ಅದಕ್ಕೂ ಒಂದು ಆಯುಧ ಇದೆ. ಮೆಕಲಾನೊಸ್ ಅವರ ಪ್ರಯೋಗಾಲಯ 2006ರಲ್ಲಿ ಕಾಲರಾ ಬ್ಯಾಕ್ಟೀರಿಯಾದಲ್ಲಿ ಕಂಡುಹಿಡಿದ ಟೈಪ್ 6 ವ್ಯವಸ್ಥೆ ಬ್ಯಾಕ್ಟೀರಿಯಾಗಳನ್ನು ಕಾಡುವ ವೈರಸ್ಸಿನ ಬಾಲವನ್ನು ತಲೆಕೆಳಗು ಮಾಡಿ ನಾಟಿದಂತಿದೆ. ಸುತ್ತಲಿನ ಕವಚ ಒಮ್ಮೆಗೇ ಕುಗ್ಗಿ ಒಳಗಿನ ಕೊಳವೆಯನ್ನು ಭರ್ಜಿಯಂತೆ ಪಕ್ಕದ ಬ್ಯಾಕ್ಟೀರಿಯಾಕ್ಕೆ ನಾಟಿಸುತ್ತದೆ; ತುದಿಯಲ್ಲಿರುವ ಪ್ರೋಟೀನುಗಳು ಅದರ ಪೊರೆಯನ್ನೂ ಗೋಡೆಯನ್ನೂ ಕರಗಿಸುತ್ತವೆ. ಮರಿಇಲಿಗಳ ಕರುಳಿನಲ್ಲಿ ಕಾಲರಾ ಬ್ಯಾಕ್ಟೀರಿಯಾ ಹೀಗೆ ಅಲ್ಲಿನ ಇ. ಕೋಲಿಯನ್ನು ಕೊಲ್ಲುವುದು 2018ರಲ್ಲಿ ದಾಖಲಾಯಿತು. ಅದೇ ವರ್ಷ ಜೀಬ್ರಾಮೀನಿನ ಮರಿಗಳಲ್ಲಿ ನಡೆದ ಅಧ್ಯಯನ, ಈ ಭರ್ಜಿಯ ಒಂದು ಭಾಗ ಕರುಳಿನ ಹಿಂಡುವಿಕೆಯನ್ನೇ ಜೋರು ಮಾಡಿಸಿ ಹಳೆಯ ಬ್ಯಾಕ್ಟೀರಿಯಾಗಳನ್ನು ಹೊರಹಾಕಿಸುತ್ತದೆಂದು ತೋರಿಸಿತು.

ಈ ಯಂತ್ರಗಳನ್ನು ಸದಾ ಸಜ್ಜಾಗಿ ಇಟ್ಟುಕೊಳ್ಳುವುದು ರೋಗಾಣುವಿಗೆ ದುಬಾರಿ. ಉಷ್ಣತೆ, ಪಿತ್ತರಸ, ಆಕ್ಸಿಜನ್ನಿನ ಕೊರತೆ, ಕೋಶದ ಸ್ಪರ್ಶ, ಇವುಗಳ ಸುಳಿವು ಸಿಕ್ಕಾಗ ಮಾತ್ರ ಅವು ಜೀನುಗಳನ್ನು ತೆರೆಯುತ್ತವೆ. ಆದರೆ ಕರುಳನ್ನು ಒಮ್ಮೆ ಕಂಡು ಹೊರಬಂದ ಕಾಲರಾ ಬ್ಯಾಕ್ಟೀರಿಯಾ ಪ್ರಯೋಗಾಲಯದಲ್ಲಿ ಬೆಳೆಸಿದ್ದಕ್ಕಿಂತ ಇಲಿಗಳಲ್ಲಿ 700 ಪಟ್ಟಿನವರೆಗೂ ಹೆಚ್ಚು ಸುಲಭವಾಗಿ ಸೋಂಕು ತರಬಲ್ಲದೆಂದು, ಆ ಗುಣ ನೀರಿಗೆ ಬಿದ್ದ ಮೇಲೂ ಕನಿಷ್ಠ ಐದು ಗಂಟೆ ಉಳಿಯುತ್ತದೆಂದು 2002ರ ಒಂದು ಅಧ್ಯಯನದಲ್ಲಿ ಕಂಡುಬಂತು. ಜಾತ್ರೆ, ಮದುವೆ, ಸಂತೆಗಳಲ್ಲಿ ಕಾಯಿಲೆ ಕಾಡುಗಿಚ್ಚಿನಂತೆ ಹಬ್ಬುವುದಕ್ಕೆ ಈ ಐದು ಗಂಟೆಯೂ ಒಂದು ಕಾರಣ. ರೋಗಿಯ ಭೇದಿ ಚರಂಡಿಗೆ ಬಿದ್ದು, ಒಡೆದ ಪೈಪಿನಿಂದ ಪಕ್ಕದ ಬೀದಿಯ ನಲ್ಲಿಗೆ ಬರಲು ಅಷ್ಟು ಹೊತ್ತು ಬೇಡ.

ಸ್ರವಿಕೆಯ ತಿಳಿವಳಿಕೆಯಿಂದ ಚಿಕಿತ್ಸೆಗೆ ಸಿಕ್ಕ ಬಲ ಕಡಿಮೆಯದಲ್ಲ. ಕಾಲರಾ ವಿಷ ಕ್ಲೋರೈಡ್ ಬಾಗಿಲನ್ನು ತೆರೆದಿಟ್ಟರೂ, ಗ್ಲೂಕೋಸ್ ಮತ್ತು ಸೋಡಿಯಂ ಜೊತೆಜೊತೆಗೆ ಒಳಹೋಗುವ ಬಾಗಿಲನ್ನು ಮುಟ್ಟುವುದಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಓಆರ್‌ಎಸ್ ಪೊಟ್ಟಣ ನಿಂತಿರುವುದು ಇದೇ ಬಾಗಿಲಿನ ಮೇಲೆ: ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಾಬಿಸ್ ಇಂಥ ದ್ರಾವಣವನ್ನೇ ಡ್ರಮ್ಮುಗಳಲ್ಲಿ ಬೆರೆಸಿ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಪೊಟ್ಟಣವನ್ನು ಅರ್ಧ ಲೋಟಕ್ಕೆ ಸುರಿದು ಗಟ್ಟಿ ಮಾಡಿ ಕುಡಿಸಿದರೆ ನೀರು ಕೋಶದಿಂದ ಹೊರಕ್ಕೇ ಹೋಗುತ್ತದೆ, ಅಳತೆ ತಪ್ಪಬಾರದು.

ಸೂಜಿಯನ್ನೇ ಮೊಂಡು ಮಾಡುವ ಔಷಧಗಳ ಹುಡುಕಾಟ ಎರಡು ದಶಕಗಳಿಂದ ನಡೆದಿದೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಬದುಕುಳಿದವು ಅದಕ್ಕೆ ಒಗ್ಗಿಕೊಳ್ಳುತ್ತವೆ. ಸೂಜಿ ಕಳೆದುಕೊಂಡ ಬ್ಯಾಕ್ಟೀರಿಯಾ ಸಾಯದೆ, ಕಾಲೂರಲಾರದೆ ಕೊಚ್ಚಿಹೋಗುವುದರಿಂದ ಆ ಒಗ್ಗಿಕೊಳ್ಳುವಿಕೆ ನಿಧಾನವಾದೀತೆಂಬ ನಿರೀಕ್ಷೆ ಇದೆ. ಇದೇ ಹಾದಿಯಲ್ಲಿ, ವಿರ್‌ಸ್ಟಾಟಿನ್ ಎಂಬ ಅಣು ಕಾಲರಾ ಬ್ಯಾಕ್ಟೀರಿಯಾ ವಿಷವನ್ನೂ ಟಿಸಿಪಿ ಎಳೆಯನ್ನೂ ತಯಾರಿಸದಂತೆ ತಡೆಯುವುದು 2005ರಲ್ಲಿ ಇಲಿಗಳಲ್ಲಿ ಕಂಡುಬಂತು. ಸೂಜಿಯಿಂದ ಸ್ರವಿಸುವ ಪ್ರೋಟೀನುಗಳಿಂದಲೇ ಮಾಡಿದ ಲಸಿಕೆಯೊಂದು ದನಗಳಿಗಾಗಿ ಮಾರುಕಟ್ಟೆಗೂ ಬಂತು. ಒ157 ತಳಿ ದನದ ಗುದದ್ವಾರದ ಬಳಿ ನೆಲೆ ಹಿಡಿಯುತ್ತದೆ, ದನಕ್ಕೆ ಕಾಯಿಲೆ ತರದೆ ಸಗಣಿಯಲ್ಲಿ ಹೊರಬರುತ್ತದೆ, ಮನುಷ್ಯನ ಹೊಟ್ಟೆ ಸೇರಿದರೆ ರಕ್ತಭೇದಿಯನ್ನೂ ಮೂತ್ರಪಿಂಡದ ವೈಫಲ್ಯವನ್ನೂ ತರುತ್ತದೆ. ಟೈಪ್ 3 ಸೂಜಿಯಿಂದ ಹೊರಬಂದ ಪ್ರೋಟೀನುಗಳನ್ನು ಶೇಖರಿಸಿ ಮಾಡಿದ ಲಸಿಕೆಗೆ 2008ರಲ್ಲಿ ಕೆನಡಾ ಪರವಾನಗಿ ಕೊಟ್ಟಿತು. ದನದ ಆರೋಗ್ಯಕ್ಕೆ ಏನೂ ಹೆಚ್ಚುಕಡಿಮೆಯಾಗದ ಲಸಿಕೆಗೆ ಹಣ ತೆರಲು ರೈತರು ಮುಂದೆ ಬರಲಿಲ್ಲ. ಅದರ ಉತ್ಪಾದನೆ ನಿಂತಿತು.

ಇನ್ನು ರೋಗಾಣು ಹೊಟ್ಟೆ ಸೇರದಂತೆ ನೀರಲ್ಲೇ ತಡೆಯುವ ಮಾತು. ಪಾವಗಡ, ಶಿರಾ ಸೀಮೆಯಲ್ಲಿ ಫ್ಲೋರೈಡಿನ ಕಾಟಕ್ಕಾಗಿ ಊರೂರಿಗೆ ಬಂದಿರುವ ಶುದ್ಧ ನೀರಿನ ಘಟಕಗಳು ಬ್ಯಾಕ್ಟೀರಿಯಾವನ್ನೂ ತಡೆಯುತ್ತವೆ. ನಾಣ್ಯ ಹಾಕಿ ತುಂಬಿಸಿದ 20 ಲೀಟರಿನ ಕ್ಯಾನ್ ಮನೆಗೆ ಬಂದರೂ ಬಾಯಿ ಮುಕ್ಕಳಿಸುವುದು, ಪಾತ್ರೆ ತೊಳೆಯುವುದು, ಸೊಪ್ಪು ತೊಳೆಯುವುದು ನಲ್ಲಿ ನೀರಿನಲ್ಲೇ. ಶಿಗೆಲ್ಲಾಗೆ ಹತ್ತೇ ಬ್ಯಾಕ್ಟೀರಿಯಾ ಸಾಕಾಗುವುದರಿಂದ ಆ ನೀರಿನಲ್ಲಿ ತೊಳೆದ ಲೋಟದ ಅಂಚಿನ ಹನಿಯೂ ಲೆಕ್ಕಕ್ಕೆ ಬರುತ್ತದೆ. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಅಳೆಯಬೇಕಾದದ್ದು ಟ್ಯಾಂಕಿನ ಬಾಯಲ್ಲಲ್ಲ, ಊರಿನ ಕೊನೆಯ ನಲ್ಲಿಯಲ್ಲಿ: ಗಾಜಿನ ಕೊಳವೆಗೆ ನೀರು ಹಿಡಿದು ಆರ್ಥೊಟಾಲಿಡಿನ್ ನಾಲ್ಕೈದು ಹನಿ ಬಿಟ್ಟಾಗ ಹಳದಿ ಬಣ್ಣ ಬಂದರೆ ಕ್ಲೋರಿನ್ ಇನ್ನೂ ಉಳಿದಿದೆ ಎಂದರ್ಥ.